ಡ್ರಿಲ್ ಅತ್ತೆಯ ಮೂರು ಮೆಟ್ಟಿಲು

ನಮ್ಮ ಅತ್ತೆ ಮಕ್ಕಳಿಗೆ ಬೀಳದೆ ನಿಲ್ಲುವುದನ್ನು ಕಲಿಸುತ್ತಾರೆ. ಅವರೇ ಆಗಾಗ ಬೀಳುತ್ತಾರೆ. ಎರಡನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಎರಡನೆಯದನ್ನು ಕಣ್ಣಾರೆ ಕಂಡವರು ಮೊದಲನೆಯದನ್ನು ಸುಲಭವಾಗಿ ನಂಬುವುದಿಲ್ಲ. ಅವರ ಮನೆಯ ಊಟದ ಮೇಜಿನ ನಾಲ್ಕು ಮೂಲೆಗೂ ಮಾವ ಹಳೆಯ ಬನಿಯನ್ ಸುತ್ತಿ ಮೊಳೆ ಹೊಡೆದಿದ್ದಾರೆ. ಅದು ಮೇಜಿನ ಅಂದಕ್ಕಲ್ಲ, ಅತ್ತೆಯ ಸೊಂಟಕ್ಕೆ.

ಅತ್ತೆ ಹಿಂದೆ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದರು. ಮೈದಾನದ ಆ ಕೊನೆಯಲ್ಲಿ ಯಾರಾದರೂ ಬೆನ್ನು ಬಗ್ಗಿಸಿ ನಿಂತರೆ ಈ ಕೊನೆಯಿಂದಲೇ ಅವರ ಸೀಟಿ ಬಂದು ಬೆನ್ನಿಗೆ ತಾಗುತ್ತಿತ್ತಂತೆ. ನಲವತ್ತರ ವಯಸ್ಸಿನ ಸುಮಾರಿಗೆ ಒಂದು ಬೆಳಿಗ್ಗೆ ಅವರು "ನೇರ ನಿಲ್ಲಿ!" ಎಂದು ಕೂಗಿ, ತಾವು ಅಡ್ಡ ಬಿದ್ದರು. ಮುಂದಿನ ಸಾಲಿನ ಕೆಲವು ಹುಡುಗಿಯರು ಇದೂ ಡ್ರಿಲ್ಲಿನ ಭಾಗವೇ ಇರಬೇಕೆಂದು ಸಾಲಾಗಿ ಮಲಗಿಕೊಂಡರು. ಅಷ್ಟು ಶಿಸ್ತು ಇತ್ತು ಆ ಶಾಲೆಯಲ್ಲಿ.

ಒಳಕಿವಿಗೆ ಸೋಂಕು ತಗುಲಿತ್ತು. ನಿಂತರೆ ನೆಲ ಓಡುತ್ತಿತ್ತು, ಮಲಗಿದರೆ ಸೂರು ಓಡುತ್ತಿತ್ತು. ಸೋಂಕು ಹೋಯಿತು, ಓಟ ನಿಲ್ಲಲಿಲ್ಲ. ಆಗ ಅವರಿಗೆ ಸಿಕ್ಕವರು ಒಬ್ಬ ಫಿಸಿಯೋ ಡಾಕ್ಟರಮ್ಮ. ಗೋಡೆಗೆ ಅಂಟಿಸಿದ ಚೀಟಿಯ ಮೇಲೆ ಕಣ್ಣು ನೆಟ್ಟು ತಲೆಯನ್ನು ಆಕಡೆ ಈಕಡೆ ತಿರುಗಿಸುವುದು, ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸುತ್ತ ನಡೆಯುವುದು, ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜುವುದು, ಹೀಗೆ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅತ್ತೆ ತಪ್ಪದೆ ಮಾಡಿದರು. ನೆಲ ಬಹುಮಟ್ಟಿಗೆ ನಿಂತಿತು. ಆದರೆ ಬೀಳುವ ಡ್ರಿಲ್ ಟೀಚರನ್ನು ಶಾಲೆ ಮತ್ತೆ ಕರೆಯಲಿಲ್ಲ.

ಕರೆದದ್ದು ಡಾಕ್ಟರಮ್ಮ. ಅವರ ಬಳಿ ಆಟಿಸಂ ಇರುವ ಮಕ್ಕಳು ಬರಲು ಶುರುವಾಗಿತ್ತು. ಈ ಮಕ್ಕಳ ಮಾತಿನ ತೊಂದರೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಕಾಲಿನ ತೊಂದರೆ ಬೀಳುವುದಿಲ್ಲ. ಕೆಲವರು ಸದಾ ತುದಿಗಾಲಲ್ಲಿ ನಡೆಯುತ್ತಾರೆ. ಕೆಲವರಿಗೆ ಕಣ್ಣು ಮುಚ್ಚಿ ನಿಲ್ಲಿಸಿದರೆ ತಾವೆಲ್ಲಿದ್ದೇವೆ ಎಂಬುದೇ ತಪ್ಪಿಹೋದಂತೆ ಮೈ ತೂಗುತ್ತದೆ. ಎಲ್ಲರಿಗೂ ಅಲ್ಲ, ಕೆಲವರಿಗೆ, ಎಂದು ಸೇರಿಸಬೇಕೆಂದು ಡಾಕ್ಟರಮ್ಮ ಒತ್ತಿ ಹೇಳಿದ್ದಾರೆ. ದಿನಾ ಕೂಡಿ ವ್ಯಾಯಾಮ ಮಾಡಿಸುವವರೊಬ್ಬರು ಅವರಿಗೆ ಬೇಕಿತ್ತು. "ನೆಲ ಜಾರೋದು ಅಂದ್ರೆ ಏನೂಂತ ನಿಮಗೆ ಗೊತ್ತಿದೆ," ಎಂದರು. ಅತ್ತೆ ಜೀವನದಲ್ಲಿ ಬಿದ್ದದ್ದಕ್ಕೆ ಸಿಕ್ಕ ಒಂದೇ ಒಂದು ಮರ್ಯಾದೆ ಅದು.

ತರಗತಿ ನಡೆಯುವುದು ಹಾಸಿಗೆ ಅಂಗಡಿಯ ಹಿಂದಿನ ಗೋದಾಮಿನಲ್ಲಿ. ಗುಂಡಿ ಕಿತ್ತುಹೋದ, ಅಳತೆ ತಪ್ಪಿದ ಹಾಸಿಗೆಗಳನ್ನೆಲ್ಲ ಅಂಗಡಿಯವರು ಅಲ್ಲೇ ಬಿಟ್ಟಿದ್ದರಿಂದ, ಬೀಳುವುದಕ್ಕೆ ಊರಿನಲ್ಲೇ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಗುಂಯ್‌ಗುಡುತ್ತಿದ್ದ ಟ್ಯೂಬ್‌ಲೈಟನ್ನು ಮಾವ ಮೊದಲ ವಾರವೇ ತೆಗೆದುಹಾಕಿದರು. ಅದಕ್ಕೂ ಮೊದಲು ಹೋದದ್ದು ಸೀಟಿ. ಮೊದಲ ದಿನ ಅತ್ತೆ ಅಭ್ಯಾಸಬಲದಿಂದ ಸೀಟಿ ಊದಿದಾಗ ಒಬ್ಬಳು ಹುಡುಗಿ ಎರಡು ಹಾಸಿಗೆಗಳ ನಡುವೆ ನುಸುಳಿಕೊಂಡವಳು ಸಂಜೆಯವರೆಗೆ ಹೊರಗೆ ಬರಲಿಲ್ಲ. ಅತ್ತೆ ಆ ಹಾಸಿಗೆಯ ಪಕ್ಕ ಸುಮ್ಮನೆ ಕೂತಿದ್ದರು. ಮರುದಿನದಿಂದ ಅವರ ದನಿ ಒಂದೇ ಮಟ್ಟಕ್ಕೆ ಇಳಿಯಿತು. ಈಗ ಮನೆಗೆ ಬೆಂಕಿ ಬಿದ್ದರೂ ಅವರು ಅದೇ ದನಿಯಲ್ಲಿ ಹೇಳಬಹುದು ಎಂದು ಮಾವನಿಗೆ ಭಯ.

ಅಲ್ಲಿ "ಭೇಷ್" ಎನ್ನುವಂತಿಲ್ಲ, ಚಪ್ಪಾಳೆ ಹೊಡೆಯುವಂತಿಲ್ಲ. ಒಂದು ಕೆಲಸ ಮುಗಿದಾಗ ಅತ್ತೆ "ಮುಗೀತು" ಎನ್ನುತ್ತಾರೆ, ಅಷ್ಟೆ. ಹೊಗಳಿದರೆ ಕೆಲವು ಮಕ್ಕಳು ಬೆಚ್ಚುತ್ತಾರೆ. ಮುಗಿಯಿತು ಎಂದರೆ ಎಲ್ಲರಿಗೂ ನೆಮ್ಮದಿ. ನೆಲದ ಮೇಲೆ ಹಾಸಿದ ಉದ್ದ ಹಲಗೆಯ ಮೇಲೆ ನಡೆಯುವುದು, ಅಡಿಯಲ್ಲಿ ಅರ್ಧ ಗುಂಡು ಇರುವ, ಅಳ್ಳಾಡುವ ಹಲಗೆಯ ಮೇಲೆ ನಿಲ್ಲುವುದು, ಅಕ್ಕಿಚೀಲದಂಥ ಪುಟ್ಟ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಕೋಣೆ ಸುತ್ತುವುದು, ಪ್ರತಿಯೊಂದಕ್ಕೂ ಒಂದೊಂದು ಮುಗೀತು.

ಈ ತರಗತಿಗೆ ಜಡ್ಜ್ ಬಂದ. ಹತ್ತು ವರ್ಷದ ಹುಡುಗ. ಸುತ್ತ ದೊಡ್ಡವರು ವಾದ ಮಾಡುತ್ತಿದ್ದರೆ ನಡುವೆ ಕೂತು, ಮುಖದ ಒಂದು ಗೆರೆಯೂ ಅಲುಗದಂತೆ ಎಲ್ಲವನ್ನೂ ಕೇಳಿ, ಏನೂ ಹೇಳದೆ ಎದ್ದುಹೋಗುತ್ತಿದ್ದುದರಿಂದ ಅವನ ಮನೆಯವರೇ ಇಟ್ಟ ಹೆಸರು ಅದು. ಅವನ ಎಲ್ಲ ಅಂಗಿಗಳೂ ಎಡಭುಜದಲ್ಲಿ ಮಾತ್ರ ಸವೆದಿದ್ದವು. ಅವನು ಎಡಭುಜವನ್ನು ಗೋಡೆಗೆ ಉಜ್ಜಿಕೊಂಡೇ ನಡೆಯುತ್ತಿದ್ದ. ಗೋಡೆ ಇಲ್ಲದ ಕಡೆ ಅವನು ನಡೆಯುತ್ತಿರಲಿಲ್ಲ.

ಅವನ ತಂದೆ ಬಸ್ ಡ್ರೈವರ್, ತಾಯಿ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ. ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೊದಲ ದಿನ ಅವರು ಹೇಳಿದ್ದನ್ನು ಅತ್ತೆ ಎಷ್ಟೋ ಸಲ ನಮಗೆ ಹೇಳಿದ್ದಾರೆ.

"ಹತ್ತೋದಕ್ಕೆ ತೊಂದ್ರೆ ಇಲ್ಲ ಟೀಚರ್," ತಾಯಿ ಹೇಳಿದರು. "ಹತ್ತುವಾಗ ಗೋಡೆ ಎಡಗಡೆ ಬರತ್ತೆ. ಭುಜ ಒರೆಸ್ಕೊಂಡು ಹತ್ತಿಬಿಡ್ತಾನೆ. ಇಳಿಯೋದೇ ಆಗಲ್ಲ. ಗೋಡೆ ಬಲಕ್ಕೆ ಬಂದುಬಿಡತ್ತೆ."

"ಬಲಗಡೆ ಗೋಡೆ ಆಗಲ್ವಾ?"

"ಅದು ಅವನಿಗೆ ಗೋಡೆನೇ ಅಲ್ಲ."

"ಕಂಬಿ?"

"ಕಬ್ಬಿಣ ಮುಟ್ಟಲ್ಲ. ಕೈ ಹಿಡಿಯೋಣ ಅಂದ್ರೆ, ಮೆಟ್ಟಿಲ ಮೇಲೆ ಕೈ ಹಿಡಿದ್ರೆ ಸೀದಾ ಕೂತ್ಬಿಡ್ತಾನೆ. ಕೂತ್ರೆ ಏಳಲ್ಲ."

"ನಾನು ಹೊತ್ಕೊಂಡು ಇಳಿಸ್ತಾ ಇದ್ದೆ," ತಂದೆ ಹೇಳಿದರು. "ಈಗ ಬೆನ್ನು ಹೋಯ್ತು. ಅರ್ಧ ಬಕೆಟ್ ನೀರಿಗಿಂತ ಜಾಸ್ತಿ ಎತ್ತಬೇಡ ಅಂದಿದ್ದಾರೆ ಡಾಕ್ಟ್ರು."

"ಇವನು ಎಷ್ಟು ಬಕೆಟ್ಟು?"

ತಂದೆ ಮಗನನ್ನು ಮೇಲಿಂದ ಕೆಳಕ್ಕೆ ನೋಡಿ ಲೆಕ್ಕ ಹಾಕಿದರು. "ಎರಡು. ಎರಡಕ್ಕೆ ಮೇಲೇ."

ಈಗ ಅವನನ್ನು ದಿನಾ ಬೆಳಿಗ್ಗೆ ಹೊತ್ತು ಇಳಿಸುತ್ತಿದ್ದವರು ಹುಡುಗನ ದೊಡ್ಡಪ್ಪ. ಊರಿನ ಇನ್ನೊಂದು ತುದಿಯಿಂದ ಕಾರಿನಲ್ಲಿ ಬಂದು, ಇಳಿಸಿ, ಏದುಸಿರು ಬಿಡುತ್ತ ಹೋಗುತ್ತಿದ್ದರು. ಅವರಿಗೂ ವಯಸ್ಸಾಗಿತ್ತು. ಬೇರೆ ಮನೆ ಹಿಡಿಯೋಣವೆಂದರೆ, ಹಿಂದೊಮ್ಮೆ ಮನೆ ಬದಲಿಸಿದಾಗ ಜಡ್ಜ್ ಹೊಸ ಮನೆಯ ಬಾಗಿಲಲ್ಲೇ ವಾರಗಟ್ಟಲೆ ನಿಂತು, ನಿಂತಲ್ಲೇ ಉಂಡು, ನಿಂತಲ್ಲೇ ತೂಕಡಿಸಿದ್ದ. ಆದ್ದರಿಂದ ದೊಡ್ಡಪ್ಪ ಬೇರೊಂದು ಊರಿನಲ್ಲಿ ಇಂಥ ಮಕ್ಕಳ ವಸತಿ ಶಾಲೆಯೊಂದನ್ನು ಹುಡುಕಿ, ಸೀಟು ಕೇಳಿ ಇಟ್ಟಿದ್ದರು. ಎಲ್ಲ ಕಟ್ಟಡಗಳೂ ನೆಲದ ಮಟ್ಟಕ್ಕೇ ಇವೆಯಂತೆ. ದೊಡ್ಡ ರಜೆ ಮುಗಿಯುವವರೆಗೆ ಸೀಟು ಕಾಯುತ್ತದೆ. ಅಷ್ಟರೊಳಗೆ ಹುಡುಗ ತಾನಾಗಿ ಇಳಿದರೆ ಸರಿ, ಇಲ್ಲವಾದರೆ ಶಾಲೆ.

"ಭಾವ ಹೇಳೋದು ತಪ್ಪಲ್ಲ," ತಾಯಿ ಹೇಳಿದರು. "ಆದ್ರೆ ಇವನು ನನ್ನ ಕಿರುಬೆರಳು ಹಿಡ್ಕೊಂಡೇ ನಿದ್ದೆ ಮಾಡೋದು ಟೀಚರ್. ಅಲ್ಲಿ ಯಾರ ಬೆರಳು ಹಿಡ್ಕೋತಾನೆ?"

ಅತ್ತೆ ಜಡ್ಜ್ ಕಡೆ ತಿರುಗಿ, "ಸ್ವಾಮಿ, ಶೂ ಬಿಚ್ಚಿ," ಎಂದರು.

ಅವನನ್ನು ಗೋಡೆಯಿಂದ ಬಿಡಿಸಲು ಮಳೆಗಾಲ ಪೂರ್ತಿ ಹಿಡಿಯಿತು. ಮೊದಲು ಉದ್ದ ಹಲಗೆಯನ್ನು ಗೋಡೆಗೆ ತಾಗಿಸಿ ಹಾಕಿದರು. ಆಮೇಲೆ ಗೋಡೆಯಿಂದ ಬೆರಳಗಲ ದೂರ. ಆಮೇಲೆ ಅಂಗೈಯಗಲ. ಜಡ್ಜ್ ಭುಜವನ್ನು ಉದ್ದ ಮಾಡಿ ಗೋಡೆ ಮುಟ್ಟುತ್ತಿದ್ದ. ಭುಜ ಉದ್ದವಾಗುವುದಕ್ಕೂ ಒಂದು ಮಿತಿ ಇದೆ. ಒಂದು ದಿನ ಅವನು ಗೋಡೆಯನ್ನೊಮ್ಮೆ ನೋಡಿ, ಹಲಗೆಯನ್ನೊಮ್ಮೆ ನೋಡಿ, ಹಲಗೆಯ ಪರವಾಗಿ ತೀರ್ಪು ಕೊಟ್ಟ. ಎರಡೂ ತೋಳು ಸ್ವಲ್ಪ ಅಗಲ ಮಾಡಿ, ಹಿಮ್ಮಡಿ ಊರಿ, ಕೋಣೆಯ ನಡುವೆ ನಡೆದ. ತಾಯಿ ಬಾಗಿಲಲ್ಲಿ ನಿಂತು ಅಳುತ್ತಿದ್ದರು.

"ಅಳೋದಾದ್ರೆ ಹೊರಗೆ ಅಳಮ್ಮ," ಅತ್ತೆ ಅದೇ ದನಿಯಲ್ಲಿ ಹೇಳಿದರು. "ಇಲ್ಲಿ ನೆಲ ಒದ್ದೆ ಆದ್ರೆ ಜಾರತ್ತೆ."

ಇನ್ನು ಮೆಟ್ಟಿಲು. ಮಾವ ಬಡಗಿ. ಮನೆಯಲ್ಲಿದ್ದ ಹಲಗೆಗಳನ್ನು ಕೊಯ್ದು, ತೋಪಡ ಹಾಕಿ ನುಣುಪು ಮಾಡಿ ಮೆಟ್ಟಿಲು ಕಟ್ಟಿದರು. ಮೂರು ಮೆಟ್ಟಿಲಾಗುವಷ್ಟೇ ಹಲಗೆ ಇತ್ತು.

"ಮೂರೇನಾ?" ಅತ್ತೆ ಕೇಳಿದರು.

"ನಾಲ್ಕನೇದು ಬೇಕಾದ್ರೆ ನಿನ್ನ ಮೇಜು ಕೊಯ್ಯಬೇಕು. ಕೊಯ್ಯಲಾ? ಸೊಂಟಕ್ಕೂ ಒಳ್ಳೇದು."

ಮೂರೇ ಸಾಕೆಂದಾಯಿತು. ಮೂರು ಹತ್ತು, ಮೇಲೆ ತಿರುಗು, ಮೂರು ಇಳಿ, ಮುಗೀತು. ಜಡ್ಜ್‌ಗೆ ಇದು ಬಹಳ ಹಿಡಿಸಿತು. ಚಳಿಗಾಲ ಬರುವ ಹೊತ್ತಿಗೆ ಅವನು ತಲೆಯ ಮೇಲೆ ಚೀಲ ಇಟ್ಟುಕೊಂಡು ಗೋಡೆಯ ಹಂಗಿಲ್ಲದೆ ಇಳಿಯುತ್ತಿದ್ದ. ಡಾಕ್ಟರಮ್ಮ ಬಂದು ನೋಡಿ, ಕಣ್ಣು ಕಟ್ಟಿ ಒಂಟಿ ಕಾಲಲ್ಲಿ ನಿಲ್ಲಿಸಿ ಗಡಿಯಾರ ಹಿಡಿದು, "ನನಗಿಂತ ಚೆನ್ನಾಗಿ ನಿಲ್ತಾನೆ," ಎಂದರು. ಅತ್ತೆಗಿಂತ ಎಂದು ಹೇಳುವ ಅಗತ್ಯವಿರಲಿಲ್ಲ.

ದೊಡ್ಡ ರಜೆಯ ನಡುವಿನ ಒಂದು ಭಾನುವಾರ ಮನೆಯ ಮೆಟ್ಟಿಲಲ್ಲಿ ಪರೀಕ್ಷೆ ಎಂದು ಗೊತ್ತುಮಾಡಿದರು. ದೊಡ್ಡಪ್ಪ ಬಂದರು. ಅತ್ತೆ, ಮಾವ ಹೋದರು. ಎಲ್ಲವೂ ತರಗತಿಯಲ್ಲಿ ಇದ್ದಂತೆಯೇ ಇರಬೇಕೆಂದು ಅತ್ತೆ ಬಹಳ ಕಟ್ಟುನಿಟ್ಟು ಮಾಡಿದರು. ಅದೇ ಅಂಗಿ, ಬರಿಗಾಲು, ಶೂ ಬಿಚ್ಚಿ ಬಾಗಿಲ ಪಕ್ಕ ಇಟ್ಟು, ಅದರ ಮುಂದೆ ನಿಲ್ಲುವುದು. ತರಗತಿಯಲ್ಲಿ ಪ್ರತಿ ಮಗುವೂ ತನ್ನ ಶೂ ಮುಂದೆ ನಿಂತೇ ಕೆಲಸ ಶುರು ಮಾಡಬೇಕು, ಅದು ಅತ್ತೆಯ ಪದ್ಧತಿ. ಮೊದಮೊದಲು ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡಿದ್ದರು. ಕೆಲವರು ಗೆರೆಯನ್ನು ಅಳಿಸಿದರು, ಒಬ್ಬ ನೆಕ್ಕಿದ. ತಮ್ಮ ಶೂ ಎಲ್ಲಿದೆಯೋ ಅದೇ ಶುರು ಎಂಬುದು ಮಾತ್ರ ಎಲ್ಲರಿಗೂ ತಿಳಿಯುತ್ತಿತ್ತು.

ಆ ಮೆಟ್ಟಿಲುಗಳ ವಿಚಾರ ಇಷ್ಟು. ಮಹಡಿಯಿಂದ ತಿರುವಿಗೆ ಹನ್ನೊಂದು ಮೆಟ್ಟಿಲು, ತಿರುವಿನಿಂದ ಕೆಳಗಿನ ಮಹಡಿಗೆ ಮತ್ತೆ ಹನ್ನೊಂದು. ಬೀದಿಯವರೆಗೂ ಹೀಗೆಯೇ.

"ಸ್ವಾಮಿ, ಶುರು," ಅತ್ತೆ ಹೇಳಿದರು.

ಜಡ್ಜ್ ಇಳಿದ. ಗೋಡೆಯನ್ನು ಮುಟ್ಟಲಿಲ್ಲ. ಕಂಬಿಯನ್ನು ನೋಡಲೂ ಇಲ್ಲ. ಒಂದು, ಎರಡು, ಮೂರು. ತಾಯಿ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡರು. ತಂದೆ ಬೆನ್ನು ಮರೆತು ನೆಟ್ಟಗೆ ನಿಂತರು.

ಮೂರನೇ ಮೆಟ್ಟಿಲಲ್ಲಿ ಹುಡುಗ ನಿಂತು ಅತ್ತೆಯ ಮುಖ ನೋಡಿದ. ಅತ್ತೆಯ ಬಾಯಿಂದ ಅಭ್ಯಾಸಬಲದಿಂದ "ಮುಗೀತು" ಎಂದು ಬಂದುಬಿಟ್ಟಿತು. ಹುಡುಗ ತಿರುಗಿ, ಮೂರು ಮೆಟ್ಟಿಲು ಹತ್ತಿ, ಶೂ ಮುಂದೆ ಹೋಗಿ ನಿಂತ. ತಿರುಗಿ ಮತ್ತೆ ಮೂರು ಇಳಿದ. ಮುಖ ನೋಡಿದ. ಹತ್ತಿದ. ಇಳಿದ.

ಕೆಳಗಿನಿಂದ ನೀರಿನ ಕ್ಯಾನು ಹೊತ್ತವನೊಬ್ಬ ಬಂದು ತಿರುವಿನಲ್ಲಿ ಸಿಕ್ಕಿಕೊಂಡ.

"ಏನಣ್ಣ ಇದು, ಕಾರ್ಯಕ್ರಮನಾ?"

"ಸ್ವಲ್ಪ ಇರಪ್ಪ, ಮಗ ಇಳೀತಾ ಇದ್ದಾನೆ," ತಂದೆ ಹೇಳಿದರು.

"ಇಳೀತಾ ಇದ್ದಾನೋ, ಹತ್ತುತಾ ಇದ್ದಾನೋ?"

"ಎರಡೂನೂ."

"ಹಾಗಾದ್ರೆ ನಾನು ಕ್ಯಾನ್ ಇಳಿಸ್ಲಾ, ಹೊತ್ಕೊಂಡೇ ಇರ್ಲಾ?"

ಅತ್ತೆ ಈ ಸಲ ಬಾಯಿ ಬಿಗಿಹಿಡಿದರು. ಮುಗೀತು ಎನ್ನದಿದ್ದರೆ ಮುಂದೆ ಹೋಗಬಹುದು ಎಂಬ ಆಸೆ. ಹುಡುಗ ಮೂರನೇ ಮೆಟ್ಟಿಲಲ್ಲಿ ನಿಂತು ಕಾದ. ಮುಗೀತು ಬರಲಿಲ್ಲ. ಅವನು ಅಲುಗಾಡದೆ ನಿಂತ. ಕ್ಯಾನಿನವನು ಅಡ್ಡಕ್ಕೆ ತಿರುಗಿ ಅವನ ಪಕ್ಕದಲ್ಲಿ ನುಸುಳಿ ಹೋದ, ಕ್ಯಾನು ಇಳಿಸಿ ಕೆಳಗೆ ಬಂದ, ಇನ್ನೊಂದು ತಂದ. ಹುಡುಗ ನಿಂತೇ ಇದ್ದ. ಅಷ್ಟು ಹೊತ್ತು ಮೆಟ್ಟಿಲ ಮೇಲೆ ಒಂದಿಷ್ಟೂ ವಾಲದೆ ನಿಂತದ್ದು ವ್ಯಾಯಾಮದ ದೃಷ್ಟಿಯಿಂದ ದೊಡ್ಡ ಸಾಧನೆಯೇ. ಆದರೆ ಅದನ್ನು ಆಗ ಯಾರೂ ಹೇಳಲಿಲ್ಲ. ಕೊನೆಗೆ ಸೋತವರು ಅತ್ತೆ. "ಮುಗೀತು," ಎಂದರು. ಹುಡುಗ ನಿರಾಳವಾಗಿ ಹತ್ತಿ ಮನೆಯೊಳಕ್ಕೆ ಹೋದ.

"ಮೇಡಂ," ದೊಡ್ಡಪ್ಪ ಬಹಳ ಗೌರವದಿಂದ ಹೇಳಿದರು, "ಹುಡುಗ ಚೆನ್ನಾಗಿ ಇಳೀತಾನೆ. ನಾನು ಒಪ್ಪಿದೆ. ಆದ್ರೆ ಕೆಳಗೆ ಬರ್ತಾ ಇಲ್ಲ."

ಅತ್ತೆ ಮನೆಗೆ ಬಂದು ಮೇಜಿಗೆ ಸೊಂಟ ತಾಗಿಸಿಕೊಂಡರು. ಡಾಕ್ಟರಮ್ಮನಿಗೆ ಫೋನು ಮಾಡಿದಾಗ ಅವರು, "ಅವನದೇನೂ ತಪ್ಪಿಲ್ಲ, ನಾವು ಕಲಿಸಿದ್ದನ್ನೇ ಮಾಡಿದ್ದಾನೆ. ಮೂರು ಅಂತ ಕಲಿಸಿಬಿಟ್ವಿ. ಅದನ್ನ ಈಗ ಮುರೀಬೇಕು," ಎಂದರು. ತಾವೇ ಮೊದಲು ಎಚ್ಚರಿಸಬೇಕಿತ್ತು ಎಂದೂ ಹೇಳಿದರು.

ಮುರಿಯಲು ನೋಡಿದರು. ಮಾವ ಮೇಜನ್ನು ಮುಟ್ಟದೆ ಎಲ್ಲಿಂದಲೋ ಹಲಗೆ ತಂದು, ಒಂದರ ಮೇಲೊಂದು ಪೇರಿಸುವ ಪೆಟ್ಟಿಗೆಗಳನ್ನು ಮಾಡಿಕೊಟ್ಟರು. ಒಂದು ದಿನ ಎರಡು ಮೆಟ್ಟಿಲು, ಒಂದು ದಿನ ನಾಲ್ಕು. ಜಡ್ಜ್ ಬಾಗಿಲಲ್ಲಿ ನಿಂತು ನಾಲ್ಕನ್ನು ನೋಡಿದ. ನಾಲ್ಕನೆಯದನ್ನು ಎತ್ತಿ ಗೋಡೆಯ ಬಳಿ ಒಯ್ದಿಟ್ಟ. ಎರಡಿದ್ದ ದಿನ ಗೋಡೆಯ ಬಳಿಯಿಂದ ಒಂದನ್ನು ತಂದು ಸೇರಿಸಿದ. ಭಾರವಾದ ಪೆಟ್ಟಿಗೆಗಳು ಅವು. ಅವನ್ನು ಹೊತ್ತು ತೂಗದೆ ನಡೆಯುತ್ತಿದ್ದ. ತೋಳು ಬಲವಾಯಿತು, ನಡಿಗೆ ಇನ್ನಷ್ಟು ನೆಟ್ಟಗಾಯಿತು, ಮೂರು ಮೂರಾಗಿಯೇ ಉಳಿಯಿತು. ರಜೆ ಕರಗುತ್ತಾ ಬಂತು.

ದಾರಿ ತೋರಿಸಿದ್ದು ಕಸಪೊರಕೆ. ಒಂದು ಸಂಜೆ ಮಾವ ಪೆಟ್ಟಿಗೆಯ ಅಂಚು ಉಜ್ಜಿ, ಬಿದ್ದ ಹೊಟ್ಟನ್ನು ಗುಡಿಸುತ್ತಿದ್ದರು. ಜಡ್ಜ್ ಮೆಟ್ಟಿಲ ಮೇಲಿದ್ದ. ಪೊರಕೆಗೆ ಅಡ್ಡ ಬಂತೆಂದು ಮಾವ ಅವನ ಶೂ ಎತ್ತಿ ಕಿಟಕಿಯ ಕೆಳಗೆ ಇಟ್ಟರು.

"ರೀ! ತರಗತಿ ನಡೀವಾಗ ಮಕ್ಕಳ ಶೂ ಮುಟ್ಟಬೇಡಿ ಅಂತ ಎಷ್ಟು ಸಲ ಹೇಳಬೇಕು? ನಿಮ್ಮ ಹೊಟ್ಟು ಹೊತ್ಕೊಂಡು ಹೋಗ. ಈಗ ಅವನು..."

ಬೈಗುಳ ಅರ್ಧಕ್ಕೇ ನಿಂತಿತು. ಮಾವ ಇದಕ್ಕೆ ಅಭ್ಯಾಸವಿಲ್ಲದವರಾದ್ದರಿಂದ ಹೆದರಿ ತಿರುಗಿ ನೋಡಿದರು. ಜಡ್ಜ್ ಮೂರು ಮೆಟ್ಟಿಲು ಇಳಿದು, ಹಳೆಯ ಜಾಗಕ್ಕೆ ಹೋಗದೆ, ಸೀದಾ ಕಿಟಕಿಯ ಕೆಳಗೆ ನಡೆದು ಶೂ ಮುಂದೆ ನಿಂತಿದ್ದ. ಅಲ್ಲಿಂದ ಹತ್ತಿರವಿದ್ದದ್ದು ಉದ್ದ ಹಲಗೆ. ಅವನು ಅದರ ಮೇಲೆ ನಡೆಯಲು ಶುರು ಮಾಡಿದ.

"ರೀ," ಅತ್ತೆ ಹೇಳಿದರು. "ಅವನು ಆವತ್ತು ಮೆಟ್ಟಿಲು ಹತ್ತಿದ್ದಲ್ಲ. ಶೂ ಹತ್ರ ಹೋಗಿದ್ದು."

"ಅಂದ್ರೆ?"

"ಮೇಲೆ ಬಾಗಿಲಲ್ಲಿ ಶೂ ಇಡ್ಸಿದ್ದು ನಾನೇ. ಎಲ್ಲಾ ಇಲ್ಲಿದ್ದ ಹಾಗೇ ಇರಬೇಕು ಅಂತ."

ಮಾವ ಪೊರಕೆಯನ್ನು ಗೋಡೆಗೆ ಒರಗಿಸಿ, "ನಿಲ್ಸಿದ ಬೈಗುಳ ಮುಂದುವರಿಸ್ತೀಯಾ, ನಾನು ಗುಡಿಸ್ಲಾ?" ಎಂದರು.

ಅಷ್ಟರಲ್ಲಿ ರಜೆ ಮುಗಿದಿತ್ತು. ಮರುದಿನ ಬೆಳಿಗ್ಗೆ ಹೊರಡುವುದೆಂದು ನಿಶ್ಚಯವಾಗಿ, ಹುಡುಗನ ಬಟ್ಟೆಬರೆ ತುಂಬಿದ ಟ್ರಂಕನ್ನು ದೊಡ್ಡಪ್ಪ ಬೆಳಗಾಗುತ್ತಲೇ ಬಂದು ಕೆಳಗೆ ಸಾಗಿಸಿ ಕಾರಿನ ಹಿಂಭಾಗಕ್ಕೆ ಹಾಕಿ ಆಗಿತ್ತು. ಟ್ರಂಕು ಹೊತ್ತು ಇಳಿದ ಮೇಲೆ ಹುಡುಗನನ್ನು ಹೊರುವ ಮೊದಲು ಸ್ವಲ್ಪ ಸುಧಾರಿಸಿಕೊಳ್ಳೋಣವೆಂದು ಮೆಟ್ಟಿಲ ಬುಡದಲ್ಲಿ ಕೂತಿದ್ದಾಗ ಅತ್ತೆ ಹೋದರು.

"ಇನ್ನೊಂದು ಸಲ ನೋಡೋಣ," ಅತ್ತೆ ಹೇಳಿದರು.

"ಮೇಡಂ, ಅಲ್ಲಿ ಮಧ್ಯಾಹ್ನದೊಳಗೆ ಹಾಜರಿರಬೇಕು."

"ಹೇಗೂ ನಿಮಗೆ ಉಸಿರು ಬರೋವರೆಗೆ ಹೊರಡೋಕೆ ಆಗಲ್ವಲ್ಲ. ಅಷ್ಟು ಹೊತ್ತು ಕೊಡಿ."

ದೊಡ್ಡಪ್ಪ ಎದೆಯ ಮೇಲೆ ಕೈ ಇಟ್ಟು ನೋಡಿಕೊಂಡು ಒಪ್ಪಿದರು.

ಅತ್ತೆ ಮೇಲೆ ಹೋಗಿ ತಾಯಿಗೆ ಹೇಳಿಕೊಟ್ಟರು. ಹುಡುಗ ಮೂರು ಇಳಿಯುವಷ್ಟರಲ್ಲಿ ಶೂ ಎತ್ತಿಕೊಂಡು ಹಿಂದೆಯೇ ಬಂದು, ಅವನು ನಿಂತ ಮೆಟ್ಟಿಲಿನಲ್ಲೇ ಅವನ ಪಕ್ಕ ಇಡಬೇಕು. ಅಷ್ಟೆ. ಮಾತಾಡಬಾರದು, ಅಳಬಾರದು. ತಂದೆ ಕೆಳಗಡೆ ಎರಡು ಮೆಟ್ಟಿಲು ಮುಂದೆ, ಹಿಡಿಯಲು. ಅತ್ತೆ ಎದುರಿಗೆ.

ಮೂರು ಇಳಿದ. "ಮುಗೀತು." ತಿರುಗಿದ. ಮೇಲೆ ಬಾಗಿಲಲ್ಲಿ ಶೂ ಇರಲಿಲ್ಲ. ಪಕ್ಕದಲ್ಲಿತ್ತು. ಅವನು ಅದನ್ನು ನೋಡಿದ, ಬಾಗಿಲನ್ನು ನೋಡಿದ, ತಾಯಿಯ ಕೈಯನ್ನು ನೋಡಿದ. ಮೊಕದ್ದಮೆ ಸ್ವಲ್ಪ ಕಾಲ ನಡೆಯಿತು. ಆಮೇಲೆ ಶೂ ಮುಂದೆ ಪಾದ ಜೋಡಿಸಿ, ಕೆಳಮುಖವಾಗಿ ನಿಂತ.

"ಸ್ವಾಮಿ, ಶುರು."

ಮೂರು. ಮುಗೀತು. ಶೂ. ಮೂರು. ಮುಗೀತು. ಶೂ. ಆಮೇಲೆ ಒಂದು ಸಂಗತಿ ಯಾರ ತಲೆಗೂ ಹೊಳೆದಿರಲಿಲ್ಲ ಎಂದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಮೆಟ್ಟಿಲು ಹನ್ನೊಂದು. ಉಳಿದದ್ದು ಎರಡು.

ಹುಡುಗ ಒಂದು ಇಳಿದ. ಎರಡನೆಯದಕ್ಕೆ ತಿರುವಿನ ನೆಲ ಬಂತು. ಅವನು ನಿಲ್ಲಲಿಲ್ಲ. ಮೊದಲಿನ ಹಾಗೆಯೇ ಮೊಣಕಾಲು ಮಡಿಸಿ, ಪಾದ ಎತ್ತಿ, ತೋಳು ಅಗಲಿಸಿ, ಇಲ್ಲದ ಮೂರನೇ ಮೆಟ್ಟಿಲನ್ನು ಇಳಿದ.

ಕತ್ತಲಲ್ಲಿ ಇನ್ನೊಂದು ಮೆಟ್ಟಿಲು ಇದೆಯೆಂದುಕೊಂಡು ಸಮನೆಲಕ್ಕೆ ಕಾಲಿಟ್ಟವರಿಗೆ ಆಗ ಮೈ ಹೇಗೆ ಝಲ್ಲೆನ್ನುತ್ತದೆ ಎಂಬುದು ಗೊತ್ತು. ಬೆನ್ನುಮೂಳೆಯಿಂದ ಹಲ್ಲಿನವರೆಗೆ ಒಂದು ಪೆಟ್ಟು. ತಂದೆ ಎರಡೂ ಕೈ ಚಾಚಿದರು. ಅತ್ತೆಗೆ ನೋಡಿಯೇ ತಲೆ ಸುತ್ತಿತು. ಹುಡುಗನ ಪಾದ ನೆಲಕ್ಕೆ ತಾಗಿತು, ಮೊಣಕಾಲು ಒಂದಿಷ್ಟು ಬಗ್ಗಿ ಪೆಟ್ಟನ್ನು ನುಂಗಿಕೊಂಡಿತು. ಭುಜ ಅಲುಗಲಿಲ್ಲ. ನೆಟ್ಟಗೆ ನಿಂತು, ತಡವಾಗುತ್ತಿದೆ ಎಂಬಂತೆ ಅತ್ತೆಯ ಮುಖ ನೋಡಿದ.

"ಮುಗೀತು," ಅತ್ತೆ ಹೇಳಿದರು. ದನಿ ಆವತ್ತೊಂದು ದಿನ ಸ್ವಲ್ಪ ಮೇಲಕ್ಕೆ ಹೋಯಿತು ಎಂದು ತಾಯಿ ಹೇಳುತ್ತಾರೆ. ಅತ್ತೆ ಒಪ್ಪುವುದಿಲ್ಲ.

ಹೀಗೆ ಮೂರು ಮಹಡಿ. ಪ್ರತಿ ತಿರುವಿನಲ್ಲೂ ಇಲ್ಲದ ಒಂದು ಮೆಟ್ಟಿಲು. ಅತ್ತೆ ಮಾತ್ರ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಏಡಿಯ ಹಾಗೆ ಅಡ್ಡಡ್ಡ ಇಳಿದರು. ಎರಡನೇ ಮಹಡಿಯ ಹೆಂಗಸು ಬಾಗಿಲು ತೆರೆದು ನೋಡಿ, ಕಷ್ಟದಲ್ಲಿರುವವರು ಅತ್ತೆಯೇ ಇರಬೇಕೆಂದು ಕೈ ಕೊಡಲು ಬಂದರು. ಅತ್ತೆ ಬೇಡವೆನ್ನಲಿಲ್ಲ.

ಕೊನೆಯ ಸಾಲಿನ ಬುಡದಲ್ಲಿ ದೊಡ್ಡಪ್ಪ ಎದ್ದು ನಿಂತಿದ್ದರು. ಹುಡುಗ ತಮ್ಮ ಕಡೆಗೇ ಬರುತ್ತಿರುವುದನ್ನು ನೋಡುತ್ತ, ದಾರಿ ಬಿಡಲು ಹಿಂದಕ್ಕೆ ಹೆಜ್ಜೆ ಇಟ್ಟವರು ಬೀದಿಯ ಅಂಚಿನ ಕಲ್ಲು ತಪ್ಪಿ ಎರಡು ಸಲ ಓಲಾಡಿ ಕಾರಿಗೆ ಒರಗಿ ನಿಂತರು. ಹುಡುಗ ಎರಡು ಇಳಿದ. ಇಲ್ಲದ ಮೂರನೆಯದನ್ನು ಬೀದಿಗೆ ಇಳಿದ. ಅತ್ತೆ ಬಾಯಿ ತೆರೆಯುವ ಮೊದಲೇ, "ಮುಗೀತು," ಎಂದು ತಾನೇ ಹೇಳಿ, ತಾಯಿ ಇಟ್ಟ ಶೂಗಳನ್ನು ಎಳೆದು ಹಾಕಿಕೊಂಡ.

ತಾಯಿ ಅಳಲು ಅನುಮತಿ ಇದೆಯೇ ಎಂಬಂತೆ ಅತ್ತೆಯ ಕಡೆ ನೋಡಿದರು.

"ಬೀದೀಲಿ ಅಳಬಹುದು," ಅತ್ತೆ ಹೇಳಿದರು.

"ತುಂಬಾ ಹೊತ್ತು ಹಿಡಿಯತ್ತಲ್ಲಮ್ಮ," ದೊಡ್ಡಪ್ಪ ತಾಯಿಗೆ ಹೇಳಿದರು. "ದಿನಾ ಬೆಳಿಗ್ಗೆ ಹೀಗೆ ಶೂ ಹಿಡ್ಕೊಂಡು ಬರೋಕಾಗತ್ತಾ?"

"ಬೇಗ ಏಳ್ತೀನಿ ಭಾವ."

"ಒಂದಿನ ಬಂದ, ಇನ್ನೊಂದಿನ ಬರದೇ ಇದ್ರೆ?"

"ಅಣ್ಣ," ತಂದೆ ನಡುವೆ ಬಂದರು. "ಇವನು ಒಂದಿನ ಮಾಡಿದ್ದನ್ನ ಇನ್ನೊಂದಿನ ಬಿಟ್ಟಿದ್ದು ನೀನು ಯಾವತ್ತಾದ್ರೂ ನೋಡಿದ್ಯಾ? ನಾಳೆ ಇಳೀಬೇಡ ಅಂದ್ರೂ ಇಳೀತಾನೆ."

ದೊಡ್ಡಪ್ಪ ಜೇಬಿನಿಂದ ಫೋನು ತೆಗೆದು, ದೂರ ಹೋಗಿ ಮಾತಾಡುವುದಕ್ಕೆ ಉಸಿರಿಲ್ಲದೆ ಅಲ್ಲೇ ಮಾತಾಡಿದರು.

"ಹಲೋ, ಆ ಸೀ‍ಟು ಬೇರೆಯವರಿಗೆ ಕೊಟ್ಬಿಡಿ ಸಾರ್... ಇಲ್ಲ, ಬರ್ತಾ ಇಲ್ಲ... ಕಾರಣ ಅಂದ್ರೆ, ಹುಡುಗ ಇಳಿದುಬಿಟ್ಟ... ಮೂರನೇ ಮಹಡಿಯಿಂದ... ಅಯ್ಯೋ, ಬಿದ್ದಿಲ್ಲ ಸಾರ್, ಇಳಿದಿದ್ದು... ಆಸ್ಪತ್ರೆ ಯಾಕೆ? ಚೆನ್ನಾಗಿದ್ದಾನೆ. ನನ್ನ ಮುಂದೇನೇ ನಿಂತಿದ್ದಾನೆ... ಹೂಂ, ಎರಡು ಕಾಲಲ್ಲೇ."

ಫೋನು ಇಟ್ಟ ಮೇಲೆ ಅವರು ಹುಡುಗನ ತಲೆಯ ಮೇಲೆ ಕೈ ಇಡಲು ಹೋಗಿ, ಅವನಿಗೆ ಅದು ಇಷ್ಟವಿಲ್ಲವೆಂದು ನೆನಪಾಗಿ, ಕೈಯನ್ನು ಕಾರಿನ ಮೇಲೆ ಇಟ್ಟರು. ಆಗ ಅವರಿಗೆ ಟ್ರಂಕು ನೆನಪಾಯಿತು.

ತಂದೆಗೆ ಅರ್ಧ ಬಕೆಟ್. ತಾಯಿಯ ಕೈ ಹುಡುಗನ ಕೈಯಲ್ಲಿ. ಅತ್ತೆಯ ಕಡೆ ಅವರು ನೋಡಲೇ ಇಲ್ಲ. ಹಿಂಬದಿ ತೆರೆದು, ಟ್ರಂಕನ್ನು ಎಳೆದು, ಹೆಗಲಿಗೇರಿಸಿಕೊಂಡು ಮೆಟ್ಟಿಲ ಕಡೆ ತಿರುಗಿದರು. ಮೊದಲ ಮೆಟ್ಟಿಲ ಮುಂದೆ ನಿಂತು ಕಾಲನ್ನೇ ನೋಡಿಕೊಂಡರು.

"ಕಾಲು ನೋಡ್ಬೇಡಿ, ಮುಂದೆ ನೋಡಿ," ಅತ್ತೆ ತಮ್ಮ ಎಂದಿನ ದನಿಯಲ್ಲಿ ಹೇಳಿದರು. "ಹಿಮ್ಮಡಿ ಊರಿ. ಉಸಿರು ಹಿಡೀಬೇಡಿ."

ದೊಡ್ಡಪ್ಪ ಮುಂದೆ ನೋಡಿದರು, ಹಿಮ್ಮಡಿ ಊರಿದರು, ಉಸಿರು ಬಿಟ್ಟು ಹತ್ತತೊಡಗಿದರು.